ಮೂವತ್ತೈದರ ಕೆಳಗಿನ ಜ್ವರ

ನಮ್ಮ ದೊಡ್ಡಮ್ಮನ ಕೈ ಇಡೀ ಬೀದಿಗೆ ಗೊತ್ತು. ದೊಡ್ಡಾಸ್ಪತ್ರೆಯ ಜ್ವರದ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದ ಮೇಲೂ ಜನ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಯಾರ ಮನೆಯ ಮಗು ಸ್ವಲ್ಪ ಮಂಕಾದರೂ ಅದನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಬಾಗಿಲಿಗೆ ಬರುತ್ತಾರೆ. ಅವಳು ಹಣೆ ಮುಟ್ಟುವುದಿಲ್ಲ. "ಹಣೆ ಸುಳ್ಳು ಹೇಳುತ್ತೆ, ಕತ್ತು ಹೇಳಲ್ಲ" ಎನ್ನುತ್ತಾ ಅಂಗೈಯ ಹಿಂಬದಿಯನ್ನು ಕತ್ತಿನ ಪಕ್ಕಕ್ಕೆ ಒತ್ತಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಾಳೆ. ಅವಳ ಬಳಿ ಇರುವುದು ಮೂರೇ ತೀರ್ಪು: "ಇದೆ", "ಇಲ್ಲ", "ನಾಟಕ". ಶಾಲೆಗೆ ಹೋಗಲು ಮನಸ್ಸಿಲ್ಲದ ಮಕ್ಕಳು ಮೂರನೆಯದಕ್ಕೆ ಹೆದರಿ ಅವಳ ಮನೆಯ ಕಡೆ ತಲೆ ಹಾಕುವುದಿಲ್ಲ.

ಆ ಕೈ ತಪ್ಪಿದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಅದು ಮನುಷ್ಯನ ಕತ್ತಿನ ಮೇಲಲ್ಲ, ಅವರ ಮನೆಯ ನೆಲಮಾಳಿಗೆಯಲ್ಲಿದ್ದ ಒಂದು ಡ್ರಮ್ಮಿನ ಮೇಲೆ.

ಡ್ರಮ್ಮು ದೊಡ್ಡಪ್ಪನದು. ದೊಡ್ಡಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳಲ್ಲಿ ಅವನು ಎಣ್ಣೆ ಹಾಕದ ಲಿಫ್ಟು ಇಲ್ಲ. ಬೀದಿಯವರಿಗೆ ಅವನು ಲಿಫ್ಟಣ್ಣ. ಅವನಿಗೆ ಇದ್ದ ಒಂದೇ ಹುಚ್ಚು ಎಂದರೆ ಮನೆಯಲ್ಲೇ ಬಿಯರ್ ಮಾಡುವುದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ಕಷಾಯ ತೆಗೆದು, ಕುದಿಸಿ, ಆರಿಸಿ, ಡ್ರಮ್ಮಿಗೆ ಸುರಿದು, ಅದಕ್ಕೆ ಯೀಸ್ಟ್ ಸೇರಿಸಿ ಮುಚ್ಚುತ್ತಿದ್ದ. ಮುಚ್ಚಳದಲ್ಲಿ ಒಂದು ತೂತು. ಅದರಲ್ಲಿ ಸಿಕ್ಕಿಸಿದ ಡೊಂಕು ಕೊಳವೆಯಲ್ಲಿ ಗುಟುಕಿನಷ್ಟು ನೀರು. ಒಳಗಿನ ಗಾಳಿ ಆ ನೀರಿನ ಮೂಲಕ ಬುಳುಕ್ ಬುಳುಕ್ ಎನ್ನುತ್ತಾ ಹೊರಗೆ ಬರಬಹುದು, ಹೊರಗಿನದು ಒಳಗೆ ಹೋಗುವಂತಿಲ್ಲ. ದೊಡ್ಡಮ್ಮ ಆ ವಾಸನೆಗೆ ನೆಲಮಾಳಿಗೆಗೆ ಇಳಿಯುತ್ತಲೇ ಇರಲಿಲ್ಲ. ಡ್ರಮ್ಮಿಗೆ ಅವಳಿಟ್ಟ ಹೆಸರು 'ಸವತಿ'.

ಬಿಯರಿಗಿಂತ ದೊಡ್ಡಪ್ಪನಿಗೆ ಆ ಯೀಸ್ಟ್ ಮುಖ್ಯ. ಅದು ಅಂಗಡಿಯ ಪುಡಿಯಲ್ಲ. ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ತನ್ನ ಡ್ರಮ್ಮಿನ ತಳದ ಗಸಿಯನ್ನು ಒಂದು ಶೀಸೆಯಲ್ಲಿ ಹಾಕಿ ಕೊಟ್ಟಿದ್ದ. ಹಿಂದಿನ ಹಾಲಿನ ಹೆಪ್ಪು ಮುಂದಿನ ಹಾಲಿಗೆ ಹೋಗುವಂತೆ, ಅಂದಿನಿಂದ ಪ್ರತಿ ಸಲದ ಗಸಿಯಲ್ಲಿ ಒಂದು ಪಾಲು ಮುಂದಿನ ಸಲಕ್ಕೆ ಹೋಗುತ್ತಿತ್ತು. ಮೇಸ್ತ್ರಿ ಈಗಿಲ್ಲ. ಅವನ ಕೈಯ ಸ್ಪ್ಯಾನರುಗಳು ಯಾರ ಯಾರ ಪಾಲಿಗೋ ಹೋದವು. ಉಳಿದದ್ದು ಶೀಸೆ ಮಾತ್ರ. "ಮೇಸ್ತ್ರೀದು ಉಸಿರಾಡ್ತಿರೋದು ಇದೊಂದೇ" ಎಂದು ದೊಡ್ಡಪ್ಪ ತಮಾಷೆಯ ಧ್ವನಿಯಲ್ಲಿ ಹೇಳುತ್ತಿದ್ದ, ಆದರೆ ಹೇಳುವಾಗ ನಗುತ್ತಿರಲಿಲ್ಲ.

ಆ ವರ್ಷ ಕೆಲಸದ ಒತ್ತಡದಲ್ಲಿ ಶೀಸೆ ಫ್ರಿಜ್ಜಿನಲ್ಲಿ ಬಹಳ ಕಾಲ ಉಳಿದುಬಿಟ್ಟಿತು. ತೆಗೆದು ನೋಡಿದರೆ ಗಸಿ ಕಂದಿತ್ತು. ಇನ್ನು ತಡಮಾಡಿದರೆ ಸಾಯುತ್ತದೆಂದು ಸೆಕೆಗಾಲ ಎನ್ನುವುದನ್ನೂ ನೋಡದೆ ಅವನು ಬಾರ್ಲಿ ಬೇಯಿಸಿದ. ದುರ್ಬಲವಾಗಿದೆಯೆಂದು, ಯಾವತ್ತೂ ಎತ್ತಿಡುತ್ತಿದ್ದ ಪಾಲನ್ನೂ ಎತ್ತಿಡದೆ ಶೀಸೆಯನ್ನು ಪೂರ್ತಿ ಡ್ರಮ್ಮಿಗೆ ಬಗ್ಗಿಸಿದ. ಮುಚ್ಚಳ ಹಾಕಿ, ತನ್ನ ಉದ್ದನೆಯ ಥರ್ಮಾಮೀಟರನ್ನು ತೊಳೆಯಲೆಂದು ಮೇಲಕ್ಕೆ ತರುವಾಗ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿತು. ಥರ್ಮಾಮೀಟರ್ ಚೂರಾಯಿತು. ತೊಡೆಯ ಮೂಳೆ ಎರಡು ಕಡೆ ಬಿರುಕು ಬಿಟ್ಟಿತು.

"ಊರಿನವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಕಳಿಸೋನು ಎಂಟು ಮೆಟ್ಟಿಲು ಹತ್ತಲಾರದೆ ಬಿದ್ದ" ಎಂದು ಆಸ್ಪತ್ರೆಯಲ್ಲಿ ಅವನೇ ಎಲ್ಲರಿಗಿಂತ ಮೊದಲು ಹೇಳಿಕೊಂಡ, ಬೇರೆಯವರಿಗೆ ಆ ಸಂತೋಷ ಯಾಕೆ ಬಿಡಬೇಕು ಎಂಬಂತೆ.

ಮನೆಗೆ ಬಂದವನನ್ನು ಮೇಲಿನ ಕೋಣೆಯಲ್ಲಿ ಮಲಗಿಸಿದರು. ಕಾಲಿಗೆ ಪಟ್ಟಿ, ತುದಿಗೆ ತೂಕ. ಮಗ್ಗುಲಾಗುವಂತಿಲ್ಲ. ನಾನು ಎದುರುಮನೆಯಲ್ಲೇ ಇದ್ದುದರಿಂದ ಅವನನ್ನು ಎತ್ತಿ ಕೂರಿಸಲು ಬೆಳಿಗ್ಗೆ ಸಂಜೆ ಹೋಗುತ್ತಿದ್ದೆ. ಕಾಲಿನ ನೋವಿನ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

"ಅದನ್ನ ಒಬ್ಬರು ನೋಡ್ಕೋಬೇಕಲ್ಲೇ" ಎಂದ.

"ಯಾವುದನ್ನ?" ದೊಡ್ಡಮ್ಮನಿಗೆ ಗೊತ್ತಿತ್ತು.

"ಕೆಳಗಿರೋದನ್ನ. ಬಿಸಿ ಏರಬಾರದು. ಏರಿದ್ರೆ ಅದು ಕೆಡುತ್ತೆ, ಒಳಗಿರೋ ಗಸಿನೂ ಕೆಡುತ್ತೆ. ಇನ್ನೊಂದು ಶೀಸೆ ಇಲ್ಲ ನನ್ನ ಹತ್ರ."

"ನಿಮ್ಮ ಸವತಿಗೆ ನಾನು ಸೇವೆ ಮಾಡ್ಬೇಕಾ?"

"ಸವತಿ ನಿನಗೆ ಕಣೇ, ನನಗಲ್ಲ. ಬಿಸಿ ಮಾತ್ರ ನೋಡು ಸಾಕು. ಹೇಗೆ ನೋಡೋದು ಅಂದ್ರೆ..."

"ರೀ, ಸಾಕು. ಜ್ವರ ನೋಡೋದನ್ನ ನೀವು ನನಗೆ ಹೇಳಿಕೊಡ್ತೀರಾ?"

 

ದೊಡ್ಡಮ್ಮ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವವಳಲ್ಲ. ವಾರ್ಡಿಗೆ ಹೋಗುವಾಗ ತೊಳೆಯುತ್ತಿದ್ದಂತೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ನೆಲಮಾಳಿಗೆಗೆ ಇಳಿದಳು. ಡ್ರಮ್ಮಿನ ಪಕ್ಕಕ್ಕೆ ಅಂಗೈಯ ಹಿಂಬದಿ ಒತ್ತಿದಳು, ಕಣ್ಣು ಮುಚ್ಚಿದಳು. ತಣ್ಣಗಿತ್ತು. ಆದರೂ ಖಾತರಿಗಿರಲಿ ಎಂದು ತನ್ನ ಪೆಟ್ಟಿಗೆಯಿಂದ ಜ್ವರದ ಥರ್ಮಾಮೀಟರ್ ತಂದು, ಸ್ಪಿರಿಟ್ಟಿನಲ್ಲಿ ಒರೆಸಿ, ಡ್ರಮ್ಮಿಗೆ ತಾಗಿಸಿ ಬಟ್ಟೆಯಿಂದ ಕಟ್ಟಿದಳು. ಪಾದರಸದ ಗೆರೆ ಕದಲಲಿಲ್ಲ. ಮೇಲಕ್ಕೆ ಬಂದು, "ಜ್ವರ ಇಲ್ಲ. ನಿಮಗಿಂತ ಚೆನ್ನಾಗಿದೆ" ಎಂದಳು.

ಮರುದಿನವೂ ಹಾಗೇ. ಅದರ ಮರುದಿನವೂ. ಕೊಳವೆಯ ನೀರು ಮಾತ್ರ ಒಂದೇ ಸಮನೆ ಬುಳುಬುಳುಗುಟ್ಟುತ್ತಿತ್ತು. ಅದು ಕುಣಿಯುತ್ತಿದೆ, ಅಂದರೆ ಆರೋಗ್ಯವಾಗಿದೆ ಎಂದು ಅವಳ ಲೆಕ್ಕ.

ಸಂಜೆ ಅವಳು ದೊಡ್ಡಪ್ಪನ ದಿಂಬು ಸರಿಪಡಿಸಲು ಬಗ್ಗಿದಾಗ ಅವನು ಮೂಗು ಅರಳಿಸಿದ.

"ಬಾಳೆಹಣ್ಣು ತಿಂದ್ಯಾ?"

"ಇಲ್ಲವಲ್ಲ."

"ಮನೇಲಿ ಇದೆಯಾ?"

"ತಂದೇ ಇಲ್ಲ. ಯಾಕೆ, ಬೇಕಾ?"

"ನಿನ್ನ ಕೈ ಬಾಳೆಹಣ್ಣಿನ ವಾಸನೆ ಹೊಡೀತಿದೆ. ಕೆಳಗೆ ಹೋಗಿದ್ಯಾ?" ಅವನು ಏಳಲು ಪ್ರಯತ್ನಿಸಿದ, ತೂಕ ಕಾಲನ್ನು ಹಿಡಿದೆಳೆಯಿತು. "ಅದಕ್ಕೆ ಜ್ವರ ಬಂದಿದೆ ಕಣೇ. ಬಿಸಿ ಏರಿದಾಗಲೇ ಆ ವಾಸನೆ ಬರೋದು."

"ತಣ್ಣಗಿದೆ ರೀ. ನಾನೇ ಮುಟ್ಟಿ ನೋಡಿದೀನಿ. ಥರ್ಮಾಮೀಟರೂ ಹಂಗೇ ಹೇಳ್ತು."

"ಯಾವ ಥರ್ಮಾಮೀಟರ್?"

ಅವಳು ಹೇಳಿದಳು. ದೊಡ್ಡಪ್ಪ ಅವಳನ್ನೂ ನನ್ನನ್ನೂ ಒಮ್ಮೆ ನೋಡಿ, ಗೋಡೆಯ ಕಡೆ ಮುಖ ತಿರುಗಿಸಿ, ಬಹಳ ಮೆಲ್ಲಗೆ ಹೇಳಿದ: "ಅದು ಮೂವತ್ತೈದರಿಂದ ಶುರುವಾಗುತ್ತೆ. ನಮ್ಮ ಯೀಸ್ಟಿಗೆ ಇಪ್ಪತ್ತೈದು ದಾಟಿದ್ರೇ ಜ್ವರ."

ದೊಡ್ಡಮ್ಮ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಇದರಲ್ಲಿ ಕೈಯ ತಪ್ಪೇನೂ ಇರಲಿಲ್ಲ. ನಮ್ಮ ಚರ್ಮ ಮೂವತ್ತು ಮೂವತ್ತೆರಡು ಡಿಗ್ರಿಯಲ್ಲಿರುತ್ತದೆ. ಅದಕ್ಕಿಂತ ಕಡಿಮೆ ಇರುವುದೆಲ್ಲ ಅದಕ್ಕೆ ತಂಪೇ. ಜ್ವರದ ಥರ್ಮಾಮೀಟರೂ ಮನುಷ್ಯನ ಅಳತೆಗೇ ಮಾಡಿದ್ದು. ಅದರ ಕೆಳಗೆ ಗೆರೆ ಎಳೆಯುವ ಅಗತ್ಯ ಯಾರಿಗೂ ಬಂದಿರಲಿಲ್ಲ. ಕೈ ಮತ್ತು ಉಪಕರಣ ಎರಡೂ ಒಂದೇ ಜಾತಿಯ ರೋಗಿಯನ್ನು ಬಲ್ಲವು. ಕೆಳಗಿದ್ದ ರೋಗಿ ಬೇರೆ.

"ಸಾಕೋ ಮೀನಿನ ಅಂಗಡೀಲಿ ತೊಟ್ಟಿಗೆ ಅಂಟಿಸೋ ಪಟ್ಟಿ ಸಿಗುತ್ತೆ" ಎಂದ ದೊಡ್ಡಪ್ಪ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಅಂಗಡಿಯವನು ಕೇಳಿದನಂತೆ: "ಸಿಸ್ಟರ್, ಯಾವ ಮೀನಿಗೆ?"

"ಮೀನಿಗಲ್ಲಪ್ಪ. ನಮ್ಮ ಯಜಮಾನರ ಬಿಯರಿಗೆ."

"ಅದಕ್ಕೂ ಹುಷಾರಿಲ್ವಾ?"

"ಮನೇಲಿ ನನ್ನ ಬಿಟ್ಟು ಯಾರಿಗೂ ಹುಷಾರಿಲ್ಲ. ಬೇಗ ಕೊಡು."

ಪಟ್ಟಿ ಬೆರಳುದ್ದದ್ದು. ಅದರಲ್ಲಿ ಚೌಕಗಳು, ಚೌಕಗಳಲ್ಲಿ ಅಂಕಿಗಳು. ಎಷ್ಟು ಬಿಸಿಯಿದೆಯೋ ಆ ಅಂಕಿಯ ಚೌಕ ಹಸಿರಾಗಿ ಹೊಳೆಯುತ್ತದೆ. ಅವಳು ಎರಡು ತಂದಿದ್ದಳು. ಒಂದನ್ನು ನೆಲಮಾಳಿಗೆಯ ಗೋಡೆಗೆ ಅಂಟಿಸಿದಳು, ಇನ್ನೊಂದನ್ನು ಡ್ರಮ್ಮಿಗೆ. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಗೋಡೆಯ ಪಟ್ಟಿಯಲ್ಲಿ ಇಪ್ಪತ್ತೆರಡು ಹಸಿರಾಯಿತು. ಡ್ರಮ್ಮಿನ ಪಟ್ಟಿಯಲ್ಲಿ ಹಸಿರು ಮೆಲ್ಲಗೆ ಮೇಲಕ್ಕೆ ಹತ್ತಿತು: ಇಪ್ಪತ್ತನಾಲ್ಕು, ಇಪ್ಪತ್ತಾರು. ಇಪ್ಪತ್ತೇಳರಲ್ಲಿ ನಿಂತಿತು.

ದೊಡ್ಡಮ್ಮ ಡ್ರಮ್ಮಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಅಡಿಯಲ್ಲಿ ನೋಡಿದಳು. ತಂತಿ ಇರಲಿಲ್ಲ, ಒಲೆ ಇರಲಿಲ್ಲ, ಬಿಸಿಲು ಬರುವ ಕಿಟಕಿಯೂ ಇರಲಿಲ್ಲ.

"ಇದನ್ನ ಬಿಸಿ ಮಾಡ್ತಿರೋದು ಯಾರು?" ಎಂದು ಕೇಳಿದಳು.

ನಾನು ಹೇಳಿದೆ. ಒಳಗಿರುವ ಯೀಸ್ಟ್ ಸಕ್ಕರೆಯನ್ನು ತಿನ್ನುತ್ತದೆ. ತಿಂದದ್ದು ಒಂದು ಪಾಲು ಮದ್ಯವಾಗುತ್ತದೆ, ಒಂದು ಪಾಲು ಗಾಳಿಯಾಗುತ್ತದೆ, ಉಳಿದದ್ದು ಬಿಸಿಯಾಗಿ ಹೊರಗೆ ಬರುತ್ತದೆ. ಒಂದೊಂದು ಜೀವಕಣ ಕೊಡುವ ಬಿಸಿ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಆದರೆ ಈ ಡ್ರಮ್ಮಿನಲ್ಲಿರುವ ಜೀವಗಳು ಭೂಮಿಯ ಮೇಲಿರುವ ಒಟ್ಟು ಮನುಷ್ಯರಿಗಿಂತ ಹೆಚ್ಚು.

"ಅಷ್ಟೊಂದು ಜನಾನಾ?" ಎಂದಳು. ಜನ ಎಂಬ ಪದವನ್ನು ನಾನು ತಿದ್ದಲಿಲ್ಲ. ಒಂದು ದೊಡ್ಡ ಊರನ್ನು ಗುಡ್ಡದ ಮೇಲಿಂದ ಮೊದಲ ಸಲ ನೋಡುವವರಂತೆ ಅವಳು ಆ ಹಳದಿ ಪ್ಲಾಸ್ಟಿಕ್ ಡ್ರಮ್ಮನ್ನು ನೋಡುತ್ತಿದ್ದಳು. ನಾನು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿ ಪುಟ ತಿರುಗಿಸಿದ್ದ ಸಂಗತಿ ನನ್ನ ಮುಂದೆಯೂ ಹಸಿರಾಗಿ ಹೊಳೆಯುತ್ತಿತ್ತು. ಕೋಣೆಗಿಂತ ಐದು ಡಿಗ್ರಿ ಹೆಚ್ಚು. ಯಾವ ಬೆಂಕಿಯೂ ಇಲ್ಲದೆ, ಬದುಕಿರುವುದರಿಂದ ಮಾತ್ರ ಹುಟ್ಟಿದ ಐದು ಡಿಗ್ರಿ.

ಅವಳಿಗೆ ಮುಂದೆ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಬಟ್ಟೆ ನೆನೆಸುವ ದೊಡ್ಡ ಟಬ್ಬು ಬಂತು. ಇಬ್ಬರೂ ಸೇರಿ ಡ್ರಮ್ಮನ್ನು ಅದರೊಳಗಿಟ್ಟು ಅರ್ಧದವರೆಗೆ ನೀರು ತುಂಬಿದೆವು. ಹಳೆಯ ಬೆಡ್‌ಶೀಟನ್ನು ಒದ್ದೆ ಮಾಡಿ ಡ್ರಮ್ಮಿಗೆ ಸುತ್ತಿ, ತುದಿಯನ್ನು ನೀರಿನಲ್ಲಿ ಇಳಿಬಿಟ್ಟಳು. ಬಟ್ಟೆ ತಾನಾಗಿ ನೀರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ಎದುರಿಗೆ ಟೇಬಲ್ ಫ್ಯಾನು. ನೀರು ಆವಿಯಾಗುವಾಗ ಡ್ರಮ್ಮಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಜ್ವರದ ವಾರ್ಡಿನಲ್ಲಿ ಅವಳು ಸಾವಿರ ಸಲ ಮಾಡಿದ ಕೆಲಸ, ಒಂದು ಹೆಜ್ಜೆಯೂ ಬದಲಾಗದೆ.

ವಿಷಯ ಕೇಳಿ ದೊಡ್ಡಪ್ಪ ಮಲಗಿದ್ದಲ್ಲೇ ನಕ್ಕ. "ನಾನು ಮಾಡೋದೂ ಇದೇ ಕಣೇ. ಮೇಸ್ತ್ರಿ ಹೇಳಿಕೊಟ್ಟಿದ್ದು."

"ನಿಮ್ಮ ಮೇಸ್ತ್ರಿಗೆ ಯಾವ ನರ್ಸ್ ಹೇಳಿಕೊಟ್ಟಿದ್ದಳೋ" ಎಂದಳು ದೊಡ್ಡಮ್ಮ.

ಅಂದಿನಿಂದ ಅವಳ ಪೆಟ್ಟಿಗೆಯ ಸ್ಟೆತಸ್ಕೋಪ್ ಕೂಡ ಕೆಳಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಅದನ್ನು ನನ್ನ ಕಿವಿಗೆ ಸಿಕ್ಕಿಸಿ, ಬಿಲ್ಲೆಯನ್ನು ಡ್ರಮ್ಮಿನ ನಡುವಿಗೆ ಒತ್ತಿ, "ಕೇಳು" ಎಂದಳು. ದೂರದಲ್ಲೆಲ್ಲೋ ಬಾಣಲೆಯಲ್ಲಿ ಏನೋ ಸಣ್ಣಗೆ ಕರಿಯುತ್ತಿರುವಂತೆ, ಎಣಿಸಲಾಗದಷ್ಟು ಸೂಕ್ಷ್ಮವಾದ ಚಿಟಪಟ, ಎಲ್ಲ ಕಡೆಯಿಂದ, ಬಿಡುವಿಲ್ಲದೆ. ನಾನು ಉಸಿರು ಹಿಡಿದು ಕೇಳಿದೆ.

"ನ್ಯುಮೋನಿಯಾ ಆದ ಎದೆ ಹೀಗೇ ಸದ್ದು ಮಾಡೋದು" ಎಂದಳು. "ಅಲ್ಲಿ ಕೇಳಿದ್ರೆ ನನಗೆ ಭಯ ಆಗ್ತಿತ್ತು. ಇಲ್ಲಿ ಕೇಳಿದ್ರೆ ಸಮಾಧಾನ ಆಗುತ್ತೆ. ಒಂದೇ ಸದ್ದು ನೋಡು."

ಹಸಿರು ಕೆಳಕ್ಕೆ ಇಳಿಯಿತು: ಇಪ್ಪತ್ತೈದು, ಇಪ್ಪತ್ಮೂರು, ಇಪ್ಪತ್ತು. ದೊಡ್ಡಪ್ಪ, "ಅಲ್ಲೇ ನಿಲ್ಲಿಸು, ಅದೇ ಸರಿ" ಎಂದ. ಆದರೆ ಜ್ವರ ಇಳಿಯಿತೆಂದು ಒದ್ದೆ ಬಟ್ಟೆ ತೆಗೆದ ಗಳಿಗೆಯಲ್ಲೇ ಮತ್ತೆ ಏರಿ ಕೈತಪ್ಪಿ ಹೋದ ಒಂದು ಮಗುವನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ಅದನ್ನು ನನಗೆ ಹೇಳಿದ್ದು ಬಹಳ ಆಮೇಲೆ. ಆಗ ಹೇಳಲಿಲ್ಲ, ಬಟ್ಟೆಯನ್ನೂ ತೆಗೆಯಲಿಲ್ಲ. ಹೊರಗೆ ಸೆಕೆ ಏರಿದ ದಿನ, ಮುಂಜಾಗ್ರತೆಗೆಂದು ಟಬ್ಬಿನ ನೀರಿಗೆ ಐಸ್ ಗಡ್ಡೆ ಕಟ್ಟಿದ ಬಾಟಲಿಗಳನ್ನು ಸಾಲಾಗಿ ಇಳಿಸಿದಳು. ಸಂಜೆ ಪಟ್ಟಿಯಲ್ಲಿ ಯಾವ ಚೌಕವೂ ಹೊಳೆಯುತ್ತಿರಲಿಲ್ಲ.

"ಅಂಕಿನೇ ಇಲ್ಲ. ಜ್ವರ ಪೂರ್ತಿ ಹೋಯ್ತು" ಎಂದು ಹಗುರಾಗಿ ಮಲಗಿದಳು.

ಬೆಳಿಗ್ಗೆ ನಾನು ಹೋದಾಗ ಅವಳು ಟಬ್ಬಿನ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಕಿವಿಯಲ್ಲಿ ಸ್ಟೆತಸ್ಕೋಪ್. ಬಿಲ್ಲೆಯನ್ನು ಇಲ್ಲಿಟ್ಟಳು, ಅಲ್ಲಿಟ್ಟಳು, ಇನ್ನೂ ಕೆಳಗಿಟ್ಟಳು. ಕೊಳವೆ ಸುಮ್ಮನಿತ್ತು. ಅಷ್ಟೇ ಅಲ್ಲ, ಅದರೊಳಗಿನ ನೀರು ಡ್ರಮ್ಮಿನ ಕಡೆಗೆ ಎಳೆದುಕೊಂಡು ನಿಂತಿತ್ತು, ಯಾರೋ ಉಸಿರು ಒಳಗೆಳೆದುಕೊಂಡು ಬಿಡಲು ಮರೆತ ಹಾಗೆ. ತಣ್ಣಗಾದ ಗಾಳಿ ಕುಗ್ಗಿದರೆ ಹಾಗಾಗುತ್ತದೆ. ನನಗೆ ಕಾರಣ ಗೊತ್ತಿದ್ದರೂ ನೋಡಲು ಹಿತವೆನಿಸಲಿಲ್ಲ.

"ಸದ್ದಿಲ್ಲ" ಎಂದಳು. "ನಾನೇ ಕೊಂದೆ."

"ಪಟ್ಟಿ ನೋಡಿ ದೊಡ್ಡಮ್ಮ. ಇದು ಹದಿನೆಂಟರಿಂದ ಶುರು. ಅದಕ್ಕಿಂತ ಕೆಳಗೆ ಹೋದ್ರೆ ತೋರಿಸೋದಿಲ್ಲ."

ಅವಳು ಪಟ್ಟಿಯ ಕೆಳತುದಿಯ ಅಂಕಿಯನ್ನು ಓದಿದಳು. ಎರಡನೆಯ ಸಲವೂ ಅದೇ ಕಥೆ. ಈ ಸಲ ರೋಗಿ ಅಳತೆಗೋಲಿನ ಕೆಳಬಾಗಿಲಿಂದ ಹೊರಗೆ ಹೋಗಿತ್ತು. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ಅವಳೇ ಔಷಧಿಯ ಬಗ್ಗೆ ಎಷ್ಟೋ ಜನರಿಗೆ ಹೇಳಿದ್ದಳು.

ದೊಡ್ಡಪ್ಪನಿಗೆ ಹೇಳಬೇಕಾಗಿತ್ತು. ಅವಳೇ ಮೇಲೆ ಹೋಗಿ, ಬಾಗಿಲ ಚೌಕಟ್ಟಿನಲ್ಲಿ ನಿಂತು, ವಾರ್ಡಿನಲ್ಲಿ ಮನೆಯವರಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು. ಸುತ್ತಿ ಬಳಸಲಿಲ್ಲ. ದೊಡ್ಡಪ್ಪ ಚಾವಣಿ ನೋಡುತ್ತಾ ಮಲಗಿದ್ದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಸತ್ತಿದೆಯೋ, ಮಲಗಿದೆಯೋ?" ಎಂದ ಕೊನೆಗೆ.

"ಹೇಗೆ ಗೊತ್ತಾಗುತ್ತೆ?"

"ಎಬ್ಬಿಸಿ ನೋಡಿದ್ರೆ ಗೊತ್ತಾಗುತ್ತೆ. ಚಳಿಗೆ ಅದು ತಳಕ್ಕೆ ಇಳಿದು ಮುದುರಿಕೊಳ್ಳುತ್ತೆ. ನನಗಂತೂ ಒಂದು ಸಲವೂ ಹಾಗಾಗಿಲ್ಲ. ಮೇಸ್ತ್ರಿಗೆ ಆಗಿತ್ತಂತೆ, ಎದ್ದಿತಂತೆ. ಅವನ ಯೀಸ್ಟ್ ಗಟ್ಟಿ ಇತ್ತು, ಇದು ಸುಸ್ತಾಗಿತ್ತಲ್ಲ" ಎಂದ.

ದೊಡ್ಡಮ್ಮ ಕೆಳಗಿಳಿದಳು. ನಾನು ಬಿಸಿನೀರಿನ ಪಾತ್ರೆ ಎತ್ತಿಕೊಂಡಿದ್ದೆ. ಅವಳು ಕೈ ಅಡ್ಡ ಹಿಡಿದಳು.

"ಬಿಸಿನೀರು ಬೇಡ. ಮೈ ತಣ್ಣಗಾದವರನ್ನ ಒಂದೇ ಸಲಕ್ಕೆ ಬಿಸಿ ಮಾಡಿದ್ರೆ ಎದೆ ನಿಂತುಹೋಗುತ್ತೆ. ಮೆಲ್ಲಗೆ."

ಯೀಸ್ಟಿಗೆ ಎದೆಯಿಲ್ಲ. ಆದರೆ ಮಾತು ಸರಿಯೇ: ಹಠಾತ್ ಬಿಸಿ ಅದಕ್ಕೂ ಪೆಟ್ಟು. ಐಸಿನ ಬಾಟಲಿ ತೆಗೆದೆವು, ಟಬ್ಬಿನ ನೀರು ಚೆಲ್ಲಿದೆವು, ಒದ್ದೆ ಬೆಡ್‌ಶೀಟ್ ಬಿಚ್ಚಿ ಡ್ರಮ್ಮನ್ನು ಒಣಗಿಸಿದೆವು. ಅವಳು ತನ್ನ ಹಾಸಿಗೆಯ ಉಣ್ಣೆ ಕಂಬಳಿ ತಂದು ಹೊದಿಸಿ, ಪಟ್ಟಿ ಕಾಣುವಷ್ಟು ಮಾತ್ರ ತೆರೆದಿಟ್ಟಳು. ಆಮೇಲೆ ಎರಡೂ ಕೈಗಳಿಂದ ಡ್ರಮ್ಮಿನ ಅಂಚು ಹಿಡಿದು, ಮುಚ್ಚಳ ತೆಗೆಯದೆ, ತೀರ ಮೆಲ್ಲಗೆ ಆ ಕಡೆ ಈ ಕಡೆ ತೂಗಿದಳು. ತಳದಲ್ಲಿ ಮುದುರಿದ್ದು ಮೇಲಕ್ಕೆ ಬರಲಿ ಎಂದು. ತೂಗುವಾಗ ತುಟಿ ಅಲ್ಲಾಡುತ್ತಿತ್ತು. ಹಾಡೋ ಬೈಗುಳವೋ, ನನಗೆ ಕೇಳಿಸಲಿಲ್ಲ.

ಆ ಇಡೀ ದಿನ ಪಟ್ಟಿ ಕಪ್ಪಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಹದಿನೆಂಟರ ಚೌಕ ಕಂಡೂ ಕಾಣದಂತೆ ಹಸಿರಾಯಿತು. ಸ್ಟೆತಸ್ಕೋಪಿನಲ್ಲಿ ಏನೂ ಇಲ್ಲ. ಅವಳು ಮತ್ತೆ ತೂಗಿದಳು, ಮೇಲೆ ಹೋಗಿ ಗಂಡನಿಗೆ ಊಟ ಕೊಟ್ಟಳು, ಕೆಳಗೆ ಬಂದು ಕೇಳಿದಳು. ಮೇಲಿನಿಂದ ದೊಡ್ಡಪ್ಪ ಏನೂ ವಿಚಾರಿಸುತ್ತಿರಲಿಲ್ಲ. ಅವಳು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಉತ್ತರ ಹುಡುಕುತ್ತಿದ್ದ. ಅಷ್ಟು ವರ್ಷ ಯಂತ್ರಗಳ ಸದ್ದು ಕೇಳಿದವನಿಗೆ ಹೆಂಡತಿಯ ಹೆಜ್ಜೆ ಕಷ್ಟವೇನಲ್ಲ.

ಸಂಜೆ ನಾವಿಬ್ಬರೂ ಕೆಳಗಿದ್ದಾಗ ಕೊಳವೆಯ ನೀರು ಮೊದಲು ಎರಡೂ ಕಡೆ ಸಮವಾಯಿತು. ಆಮೇಲೆ ಒಂದು ಕೂದಲೆಳೆಯಷ್ಟು ಹೊರಗಿನ ಕಡೆಗೆ ಏರಿತು. ಬೆಚ್ಚಗಾದ ಗಾಳಿ ಹಿಗ್ಗಿದರೂ ಅಷ್ಟಾಗುತ್ತದೆ, ಆದ್ದರಿಂದ ನಾನು ಏನೂ ಹೇಳಲಿಲ್ಲ. ದೊಡ್ಡಮ್ಮ ಬಿಲ್ಲೆಯನ್ನು ಒತ್ತಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. ನಂತರ ಸ್ಟೆತಸ್ಕೋಪನ್ನು ನನಗೆ ಕೊಟ್ಟಳು.

ಮೊದಲು ನನ್ನದೇ ರಕ್ತದ ಸದ್ದು. ಅದರಾಚೆ ಮೌನ. ಮೌನದ ಒಳಗೆ, ತೀರ ಕೆಳಗೆ, ಒಂದು ಚಿಟ್. ಕಾದೆ. ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಒಂದು ದೊಡ್ಡ ಊರಿನಲ್ಲಿ ಬೆಳಗಾಗುವಾಗ ಮೊದಲು ಯಾರೋ ಒಬ್ಬರು ಎದ್ದು ಬಾಗಿಲು ತೆಗೆಯುವಂತೆ.

ಕೊಳವೆ, ಬುಳುಕ್ ಎಂದಿತು.

ಅವಳು ಮೆಟ್ಟಿಲು ಹತ್ತಿದ ಸದ್ದು ನನಗೂ ಅರ್ಥವಾಯಿತು. ಮೇಲಿನಿಂದ ದೊಡ್ಡಪ್ಪ, "ಗೊತ್ತಾಯ್ತು, ಗೊತ್ತಾಯ್ತು. ನಿಧಾನ ಹತ್ತು, ನೀನೂ ಬೀಳ್ಬೇಡ" ಎಂದು ಕೂಗುತ್ತಿದ್ದ.

ಅಲ್ಲಿಂದ ಮುಂದೆ ಅವಳು ಹಸಿರನ್ನು ಹತ್ತೊಂಬತ್ತು ಇಪ್ಪತ್ತೊಂದರ ನಡುವಿನಿಂದ ಆಚೀಚೆ ಕದಲಲು ಬಿಡಲಿಲ್ಲ; ಸೆಕೆಗೆ ಒದ್ದೆ ಬಟ್ಟೆ, ಬೆಳಗಿನ ತಂಪಿಗೆ ಕಂಬಳಿ. ಬಿಯರ್ ತಿಳಿಯಾಗಿ ಬಾಟಲಿಗೆ ಇಳಿದಾಗ ದೊಡ್ಡಪ್ಪನ ಕಾಲಿನ ತೂಕವೂ ಇಳಿದಿತ್ತು, ಆದರೆ ಮೆಟ್ಟಿಲು ಇನ್ನೂ ನಿಷೇಧ. ಅವಳು ಒಂದು ಲೋಟ ಬಿಯರು ಮತ್ತು ತಳದ ಗಸಿ ತುಂಬಿದ ಶೀಸೆ ತಂದು ಅವನ ಮುಂದಿಟ್ಟಳು. ಅವನು ಲೋಟವನ್ನು ಮುಟ್ಟದೆ ಶೀಸೆಯನ್ನು ಎತ್ತಿದ. ಬೆಳಕಿಗೆ ಹಿಡಿದ. ಗಸಿ ಕೆನೆಯಂತೆ ಬೆಳ್ಳಗೆ, ದಪ್ಪಗೆ ಇತ್ತು. ಮುಚ್ಚಳ ಸಡಿಲಿಸಿ ಮೂಸಿದ. ಬಹಳ ಹೊತ್ತು ಮೂಸಿದ.

"ಮೇಸ್ತ್ರೀದೇ" ಎಂದ.

ಆಮೇಲೆ ಬಿಯರ್ ಕುಡಿದ. ದೊಡ್ಡಮ್ಮ ಆಪರೇಷನ್ ಕೋಣೆಯ ಹೊರಗೆ ನಿಂತವಳಂತೆ ನಿಂತಿದ್ದಳು.

"ಸ್ವಲ್ಪ ಬಾಳೆಹಣ್ಣು ಇದೆ."

"ಜ್ವರದ ಕಲೆ ಅದು. ಹೋಗಲ್ಲ" ಎಂದಳು. "ಹೇಗಿದೆ ಅಂತ ಹೇಳಿ."

"ಮೇಸ್ತ್ರಿ ಕೈಯಲ್ಲೂ ಈ ರುಚಿ ಬಂದಿಲ್ಲ. ಅದಕ್ಕೆ ಅವನಿದ್ದಿದ್ರೆ ಬೈತಿದ್ದ" ಎಂದು ಇನ್ನೊಂದು ಗುಟುಕು ಕುಡಿದ. ಖಾಲಿ ಶೀಸೆಯೊಂದನ್ನು ತರಲು ನನಗೆ ಹೇಳಿದ. ಗಸಿಯಲ್ಲಿ ಅರ್ಧವನ್ನು ಅದಕ್ಕೆ ಬಗ್ಗಿಸಿ ಅವಳ ಕಡೆ ಸರಿಸಿದ. "ಇದು ನಿಂದು. ಇನ್ಮೇಲೆ ಎರಡು ಕಡೆ ಇರಲಿ."

"ನನಗ್ಯಾಕೆ? ನಾನು ಕುಡಿಯೋಳಲ್ಲ."

"ಕುಡಿ ಅಂದ್ನಾ? ಇಟ್ಕೋ ಅಂದೆ."

ಅವಳು ಶೀಸೆ ತೆಗೆದುಕೊಂಡಳು. ರೂಢಿಯಂತೆ ಅಂಗೈಯ ಹಿಂಬದಿಯನ್ನು ಅದರ ಪಕ್ಕಕ್ಕೆ ಒತ್ತಿ ಕಣ್ಣು ಮುಚ್ಚಿದಳು. ಏನೋ ಹೇಳಲು ಬಾಯಿ ತೆರೆದವಳು ಕಣ್ಣು ಬಿಟ್ಟು, ಕೈ ತೆಗೆದು, ನನ್ನ ಕಡೆ ತಿರುಗಿದಳು.

"ಆ ಮೀನಿನ ಪಟ್ಟಿ ಇನ್ನೊಂದು ಬೇಕು" ಎಂದಳು. "ಇನ್ನೂ ಕೆಳಗಿನಿಂದ ಶುರುವಾಗೋದು ಸಿಗುತ್ತಾ ಅಂತ ಕೇಳ್ಕೊಂಡು ಬಾ."